ಹಾವು ಹೆಚ್ಚಾದವೋ, ಲೆಕ್ಕ ಹೆಚ್ಚಾಯಿತೋ?

ಮುಂಗಾರು ಶುರುವಾಗಿ ಹದಿನೈದು ದಿನ ಕಳೆಯುವುದರೊಳಗೆ ಪೇಪರಿನ ಜಿಲ್ಲಾ ಪುಟದಲ್ಲಿ ಆ ಸುದ್ದಿ ಬಂದೇ ಬರುತ್ತದೆ: ಹಾವು ಕಡಿತ ಪ್ರಕರಣ ಏರಿಕೆ. ಹಾವೇರಿಯಾಗಲಿ, ಗದಗವಾಗಲಿ, ಧಾರವಾಡವಾಗಲಿ, ತಲೆಬರಹ ಮಾತ್ರ ಒಂದೇ. ಆದರೆ 2024ರಿಂದ ಈಚೆಗೆ ಅದರ ಜೊತೆ ಬರುವ ಸಂಖ್ಯೆಗಳು ದೊಡ್ಡದಾಗಿವೆ. ಓದಿದವರು ಗಾಬರಿಯಾಗುತ್ತಾರೆ. ಹಾವು ಅಷ್ಟೊಂದು ಹೆಚ್ಚಾದವಾ? ಕಾಯ್ದೆ ಮಾಡಿ ಹಾವು ಉಳಿಸಿದ್ದೇ ತಪ್ಪಾಯಿತಾ? ಊರೊಳಗೆ ಬಂದ ಹಾವನ್ನೆಲ್ಲ ಹಿಡಿದು ಕಾಡಿಗೆ ಬಿಟ್ಟರೆ ಮುಗಿಯಿತಲ್ಲ, ಅರಣ್ಯ ಇಲಾಖೆಯವರು ಯಾಕೆ ಸುಮ್ನೆ ಕೂತಿದ್ದಾರೆ?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಎರಡು ವಿಷಯ ಬಿಡಿಸಿ ನೋಡಬೇಕು. ಒಂದು, ಸರ್ಕಾರ ಎಣಿಸುವ ರೀತಿ. ಇನ್ನೊಂದು, ಹಾವಿನ ಮೈ ಕೆಲಸ ಮಾಡುವ ರೀತಿ. ಸುದ್ದಿಯಲ್ಲಿ ಇವೆರಡೂ ಒಂದರೊಳಗೊಂದು ಕಲಸಿಕೊಂಡಿರುತ್ತವೆ.

2024ರಲ್ಲಿ ಬದಲಾದದ್ದು ಏನು

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ, ಹಾವು ಕಡಿದು ಬಂದ ಪ್ರತಿಯೊಬ್ಬರ ಮಾಹಿತಿಯನ್ನೂ ಆಸ್ಪತ್ರೆಗಳು ಆರೋಗ್ಯ ಇಲಾಖೆಗೆ ಕೊಡಲೇಬೇಕು. ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿಯವರೂ ಕೊಡಬೇಕು. ದೇಶದಲ್ಲಿ ಈ ಕೆಲಸ ಮೊದಲು ಮಾಡಿದ್ದು ನಮ್ಮ ರಾಜ್ಯ. ಮರುತಿಂಗಳೇ ಕೇಂದ್ರ ಸರ್ಕಾರವೂ ಹಾವು ಕಡಿತ ತಡೆಗೆ ಒಂದು ರಾಷ್ಟ್ರೀಯ ಯೋಜನೆ ತಂದಿತು. 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸಬೇಕು ಎಂಬುದು ಅದರ ಗುರಿ.

ಇದಕ್ಕೂ ಮುಂಚಿನ ಲೆಕ್ಕ ಹೇಗಿತ್ತು ನೋಡಿ. 2023ರಲ್ಲಿ ಇಡೀ ರಾಜ್ಯದಲ್ಲಿ ದಾಖಲಾದ ಪ್ರಕರಣ ಸುಮಾರು ಆರೂವರೆ ಸಾವಿರ, ಸಾವು ಬರೀ 19. ಈ 19 ಎಂಬ ಸಂಖ್ಯೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಬಂದ ಅಧ್ಯಯನ ಹೇಳಿತ್ತು. ಆ ಅಧ್ಯಯನದವರು ಆಸ್ಪತ್ರೆಯ ದಾಖಲೆಯನ್ನು ನೆಚ್ಚಿಕೊಂಡಿರಲಿಲ್ಲ. ಮನೆಮನೆಗೆ ಹೋಗಿ, ಸತ್ತವರು ಹೇಗೆ ಸತ್ತರು ಎಂದು ಕೇಳಿ ಮಾಡಿದ ಸಮೀಕ್ಷೆಯ ಮೇಲೆ ಲೆಕ್ಕ ಹಾಕಿದ್ದರು. ದೇಶದ ಜನಸಂಖ್ಯೆಯಲ್ಲಿ ಕರ್ನಾಟಕದ ಪಾಲು ಶೇಕಡಾ 5. ಹಾಗೆ ನೇರವಾಗಿ ಭಾಗಿಸಿದರೆ ನಮ್ಮ ಪಾಲಿಗೆ ವರ್ಷಕ್ಕೆ 2,900 ಸಾವು ಬರುತ್ತದೆ. ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಷ್ಟು ನಮ್ಮ ಸ್ಥಿತಿ ಕೆಟ್ಟಿಲ್ಲ, ಒಪ್ಪೋಣ. ಅದರ ಕಾಲುಭಾಗ ಅಂತ ಹಿಡಿದರೂ ಏಳುನೂರು ದಾಟುತ್ತದೆ. 19 ಎಲ್ಲಿ, 700 ಎಲ್ಲಿ!

ಉಳಿದವರು ಎಲ್ಲಿ ಹೋದರು? ಹೊಲದಲ್ಲೇ ಸತ್ತವರು, ದಾರಿಯಲ್ಲಿ ಸತ್ತವರು, ನಾಟಿ ಔಷಧಿಯವರ ಕಟ್ಟೆಯ ಮೇಲೆ ಸತ್ತವರು, ಖಾಸಗಿ ಆಸ್ಪತ್ರೆಯಲ್ಲಿ ಕಿಡ್ನಿ ಹೋಗಿ ಸತ್ತು ಕಾಗದದಲ್ಲಿ ಬರೀ "ಕಿಡ್ನಿ ವೈಫಲ್ಯ" ಎಂದಾದವರು. ಕಡ್ಡಾಯ ಬಂದ ಮೇಲೆ ಇವರಲ್ಲಿ ಕೆಲವರಾದರೂ ಲೆಕ್ಕಕ್ಕೆ ಸಿಗುತ್ತಿದ್ದಾರೆ. ಹಾಗಾಗಿ ಪ್ರಕರಣವೂ ಏರುತ್ತದೆ, ಸಾವೂ ಏರುತ್ತದೆ. ಕತ್ತಲ ಕೋಣೆಯಲ್ಲಿ ದೀಪ ಹಚ್ಚಿದರೆ ಸಾಮಾನು ಜಾಸ್ತಿಯಾದ ಹಾಗೆ ಕಾಣುತ್ತದೆ, ಅಲ್ವಾ? ಇದೂ ಹಾಗೇ.

ಹಾಗಂತ ಏರಿಕೆಯೆಲ್ಲ ಬರೀ ಕಾಗದದ್ದು ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿತ ಏರುವುದು ನಿಜ. ದೇಶದ ಸಾವುಗಳಲ್ಲಿ ಹೆಚ್ಚೂ ಕಡಿಮೆ ಅರ್ಧ ಈ ನಾಲ್ಕು ತಿಂಗಳಲ್ಲೇ ಆಗುತ್ತವೆ. ಇದಕ್ಕೆ ಕಾರಣ ಕಾಗದದಲ್ಲಿಲ್ಲ, ಹಾವಿನ ಮೈಯಲ್ಲಿದೆ.

ಬಿಸಿಯನ್ನು ಹೊರಗಿನಿಂದ ಪಡೆಯುವ ಮೈ

ನಾವು ತಿಂದ ಅನ್ನದ ದೊಡ್ಡ ಪಾಲು ಮೈ ಬೆಚ್ಚಗಿಡಲು ಖರ್ಚಾಗುತ್ತದೆ. ಹಾವಿಗೆ ಆ ಖರ್ಚಿಲ್ಲ. ಅದರ ಮೈಬಿಸಿ ನೆಲದಿಂದ, ಬಿಸಿಲಿನಿಂದ, ಗಾಳಿಯಿಂದ ಬರುತ್ತದೆ. ಹಾಗಾಗಿ ಅಷ್ಟೇ ತೂಕದ ಸಸ್ತನಿಗೆ ಬೇಕಾಗುವ ಶಕ್ತಿಯಲ್ಲಿ ಹತ್ತನೇ ಒಂದು ಭಾಗದಷ್ಟರಲ್ಲಿ ಅದು ಬದುಕುತ್ತದೆ. ಒಂದು ಹೆಗ್ಗಣ ನುಂಗಿದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಚಿಂತೆಯಿಲ್ಲ.

ಆದರೆ ಈ ಉಳಿತಾಯಕ್ಕೆ ಒಂದು ಬೆಲೆ ಇದೆ. ಮೈ ತಣ್ಣಗಿದ್ದರೆ ಓಡಲಾಗದು, ಬೇಟೆಯಾಡಲಾಗದು, ನುಂಗಿದ್ದು ಅರಗದು. ಮೈ ತುಂಬ ಬಿಸಿಯಾದರೆ ಸತ್ತೇ ಹೋಗುತ್ತದೆ. ಏಪ್ರಿಲ್‌, ಮೇ ಮಧ್ಯಾಹ್ನ ಗದಗದ ಕಡೆ ನೆಲ ಕಾದ ಹಂಚಿನ ಹಾಗಿರುತ್ತದೆ. ಆಗ ಹಾವು ಬಿಲದಲ್ಲಿ ಅಡಗಿ ರಾತ್ರಿಗಾಗಿ ಕಾಯುತ್ತದೆ. ಡಿಸೆಂಬರ್ ಚಳಿಯಲ್ಲಿ ಉಲ್ಟಾ, ಬೆಳಿಗ್ಗೆ ಹತ್ತರ ನಂತರ ಬದುವಿನ ಮೇಲೆ ಬಿಸಿಲು ಕಾಯುತ್ತ ಮಲಗುತ್ತದೆ. ಮಳೆಗಾಲದಲ್ಲಿ? ಮೋಡ ಕವಿದು ಹಗಲು ತಂಪು, ರಾತ್ರಿ ಅಷ್ಟೇನೂ ಚಳಿಯಿಲ್ಲ. ಹಗಲೂ ಓಡಾಡಬಹುದು, ರಾತ್ರಿಯೂ ಓಡಾಡಬಹುದು. ವರ್ಷದಲ್ಲಿ ಹಾವಿಗೆ ಇಷ್ಟು ಸಲೀಸಾದ ಕಾಲ ಇನ್ನೊಂದಿಲ್ಲ.

ಮರಿಗಳೂ ಇದೇ ಕಾಲಕ್ಕೆ ಹೊರಬರುತ್ತವೆ. ನಾಗರಹಾವು ಬೇಸಿಗೆಯಲ್ಲಿ ಇಟ್ಟ ಮೊಟ್ಟೆ ಸುಮಾರು ಎರಡು ತಿಂಗಳಿಗೆ ಒಡೆಯುತ್ತದೆ. ಕೊಳಕುಮಂಡಲ ಮೊಟ್ಟೆಯನ್ನೇ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಕಣ್ಣಿಗೆ ಬೀಳುವ ಹಾವಿನ ಸಂಖ್ಯೆ ಏರುವುದು ಇದಕ್ಕೇ. ಅವುಗಳಲ್ಲಿ ಬಹುಪಾಲು ವರ್ಷ ತುಂಬುವುದರೊಳಗೆ ಮುಂಗುಸಿಗೋ ಹದ್ದಿಗೋ ಊಟವಾಗಿರುತ್ತವೆ. ನಾವು ಮಾತ್ರ ಜುಲೈನಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು ಹಾವು ವಿಪರೀತವಾದವು ಅನ್ನುತ್ತೇವೆ.

ಎರೆ ಹೊಲ ಬಾಯಿ ಮುಚ್ಚಿದಾಗ

ನಮ್ಮ ಭಾಗಕ್ಕೆ ಒಂದು ವಿಶೇಷ ಕಾರಣವೂ ಇದೆ. ನವಲಗುಂದ, ನರಗುಂದ, ರೋಣದ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮೊಣಕಾಲುದ್ದದ, ಅದಕ್ಕಿಂತ ಆಳದ ಬಿರುಕುಗಳು. ಮೇಲೆ ಬಿಸಿಲು ಸುಡುತ್ತಿದ್ದರೂ ಬಿರುಕಿನ ತಳ ತಂಪಾಗಿರುತ್ತದೆ. ಇಲಿಗೆ ಅದು ಮನೆ, ಹಾವಿಗೆ ಮನೆಯೂ ಹೌದು, ಖಾನಾವಳಿಯೂ ಹೌದು. ಒಂದೆರಡು ದೊಡ್ಡ ಮಳೆ ಬಿದ್ದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಬಿಲಗಳಿಗೆ ನೀರು ನುಗ್ಗುತ್ತದೆ. ಇಲಿ ಎತ್ತರದ ಒಣ ಜಾಗ ಹುಡುಕಿಕೊಂಡು ಬದುವಿಗೆ, ಬಣವೆಗೆ, ದನದ ಕೊಟ್ಟಿಗೆಗೆ ಬರುತ್ತದೆ. ಹಾವು ಅದರ ಹಿಂದೆ.

ಹಾವೇರಿ ಕಡೆ ಕಥೆ ಸ್ವಲ್ಪ ಬೇರೆ. ಅಲ್ಲಿ ಗೋವಿನಜೋಳ ಜಾಸ್ತಿ. ಸುಗ್ಗಿಯಲ್ಲಿ ತೆನೆಯ ರಾಶಿ ಅಂಗಳದಲ್ಲಿ, ರಸ್ತೆಯ ಮೇಲೆ, ಶೆಡ್ಡಿನಲ್ಲಿ ವಾರಗಟ್ಟಲೆ ಬಿದ್ದಿರುತ್ತದೆ. ಇಲಿಗೆ ಇದಕ್ಕಿಂತ ಜಾತ್ರೆ ಬೇಕೇ? ಅದಕ್ಕೇ ಕಡಿತ ಬರೀ ಮಳೆಗಾಲಕ್ಕೆ ನಿಲ್ಲುವುದಿಲ್ಲ, ಸುಗ್ಗಿಯಲ್ಲೂ ಆಗುತ್ತದೆ. ಕೊಳಕುಮಂಡಲದ ಕೂಡುವ ಕಾಲವೂ ಚಳಿಗಾಲವೇ, ಗಂಡುಗಳು ಹೆಣ್ಣು ಹುಡುಕುತ್ತ ಓಡಾಡುವ ದಿನಗಳಲ್ಲೇ ನಾವು ಬಗ್ಗಿ ಕುಡುಗೋಲು ಹಾಕುತ್ತಿರುತ್ತೇವೆ.

ಹುಬ್ಬಳ್ಳಿ-ಧಾರವಾಡದ ಹೊಸ ಲೇಔಟುಗಳಲ್ಲಿ ಇನ್ನೊಂದು ಬಗೆ. ನಿನ್ನೆಯವರೆಗೆ ಹೊಲ, ಇವತ್ತು ಸೈಟು. ಅರ್ಧ ಮನೆ ಎದ್ದಿದೆ, ಅರ್ಧ ಜಾಗದಲ್ಲಿ ಕಂಟಿ ಬೆಳೆದಿದೆ, ಮೂಲೆಯಲ್ಲಿ ಕಸ, ಕಲ್ಲು, ಇಟ್ಟಿಗೆಯ ಗುಡ್ಡೆ. ಹಾವು ಎಲ್ಲಿಂದಲೋ ಬಂದಿಲ್ಲ, ಮೊದಲಿಂದ ಅಲ್ಲೇ ಇತ್ತು. ಈಗ ನೋಡುವ ಕಣ್ಣು ಹೆಚ್ಚಾಗಿವೆ, ಕೈಯಲ್ಲಿ ಮೊಬೈಲೂ ಇದೆ.

ರಾತ್ರಿ ಕರೆಂಟು

ಇದರ ಬಗ್ಗೆ ಹಾವಿನ ಸುದ್ದಿಗಳಲ್ಲಿ ಯಾರೂ ಬರೆಯುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ರಾತ್ರಿ ಪಾಳಿ ಬಂದರೆ ರೈತ ರಾತ್ರಿಯೇ ಹೋಗಿ ನೀರು ಕಟ್ಟಬೇಕು. ಕತ್ತಲು, ಕೆಸರು, ಬರಿಗಾಲು, ಮೊಬೈಲಿನ ಬೆಳಕು. ಹಾವು ಹೊರಗೆ ಬರುವುದೂ ಅದೇ ಹೊತ್ತಿಗೆ. ಹಗಲು ಕರೆಂಟು ಕೊಡಿ ಎಂದು ರೈತರು ಕೇಳುವುದನ್ನು ನಾವು ನೀರಾವರಿಯ ಪ್ರಶ್ನೆ ಎಂದಷ್ಟೇ ಓದುತ್ತೇವೆ. ಅದು ಹಾವು ಕಡಿತದ ಪ್ರಶ್ನೆಯೂ ಹೌದು. ಗಂಬೂಟು ಹಾಕಿ ಎಂದು ಪೋಸ್ಟರ್ ಅಂಟಿಸುವುದು ಸುಲಭ. ಎರೆಮಣ್ಣಿನ ಕೆಸರಲ್ಲಿ ಗಂಬೂಟು ಹಾಕಿ ಹತ್ತು ಹೆಜ್ಜೆ ನಡೆದು ನೋಡಿದವರಿಗೆ ರೈತ ಯಾಕೆ ಹಾಕುವುದಿಲ್ಲ ಎಂಬುದು ಗೊತ್ತಾಗುತ್ತದೆ.

ನಾಲ್ಕು ಹಾವು, ಬೇರೆ ಬೇರೆ ಕೆಲಸ

ನಮ್ಮ ಸುತ್ತ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು: ಕೇರೆ, ನೀರುಹಾವು, ಮಣ್ಣುಮುಕ್ಕ ಇತ್ಯಾದಿ. ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ಮೊದಲೆರಡರ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ನಿಲ್ಲುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುವೇ ನಿಲ್ಲುತ್ತದೆ. ಇದರಲ್ಲಿ ಕಟ್ಟುಹಾವು ಬಹಳ ಮೋಸದ್ದು. ರಾತ್ರಿ ಸಂಚಾರಿ, ಹಲ್ಲು ಚಿಕ್ಕದು, ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ನಿದ್ದೆಯಲ್ಲೇ ಕಡಿದು ಹೋದರೂ ಗೊತ್ತಾಗದೇ ಇರಬಹುದು. ಬಾವಿಲ್ಲ, ಉರಿಯಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ಮನೆಯವರು ಗ್ಯಾಸ್ ಎಂದುಕೊಂಡು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ವಿಷ ನರದ ತುದಿಯನ್ನೇ ಹಾಳು ಮಾಡಿರುತ್ತದೆ, ಆಮೇಲೆ ಔಷಧಿ ಕೊಟ್ಟರೂ ಆ ತುದಿ ಮತ್ತೆ ಬೆಳೆಯುವವರೆಗೆ ವೆಂಟಿಲೇಟರ್ ಬೇಕಾಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ದೊಡ್ಡ ಆಸ್ಪತ್ರೆಗೆ ಕಳಿಸುವುದು ಎಷ್ಟೋ ಸಲ ಇದಕ್ಕೇ.

ಮಂಡಲಗಳ ವಿಷ ರಕ್ತದ ಮೇಲೆ ಎರಗುತ್ತದೆ. ರಕ್ತ ಹೆಪ್ಪುಗಟ್ಟುವ ವಸ್ತುಗಳನ್ನೆಲ್ಲ ಖಾಲಿ ಮಾಡುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ. ಕೊಳಕುಮಂಡಲವಾದರೆ ಕಿಡ್ನಿಗೂ ಹೊಡೆತ. ಇದನ್ನು ಪತ್ತೆ ಹಚ್ಚಲು ವೈದ್ಯರು ಮಾಡುವ ಪರೀಕ್ಷೆ ಬಹಳ ಸರಳ. ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ, ಆಮೇಲೆ ಓರೆ ಮಾಡುತ್ತಾರೆ. ನೀರಿನ ಹಾಗೆ ಹರಿದರೆ ವಿಷ ಏರಿದೆ ಎಂದೇ ಅರ್ಥ. ಒಂದು ನಳಿಕೆ, ಒಂದು ಗಡಿಯಾರ ಇದ್ದರೆ ಸಾಕು, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಆಗುತ್ತದೆ.

ಮಂತ್ರ ಯಾಕೆ "ಫಲಿಸುತ್ತದೆ"

ಹಾವು ಕಡಿದವರನ್ನು ಇವತ್ತಿಗೂ ಮೊದಲು ನಾಟಿ ಔಷಧಿಗೆ ಕರೆದೊಯ್ಯುವವರಿದ್ದಾರೆ. ಅವರನ್ನು ಮೂಢರು ಎಂದು ಬೈದರೆ ಪ್ರಯೋಜನವಿಲ್ಲ. ಅವರ ಕಣ್ಣ ಮುಂದೆಯೇ ಹತ್ತಾರು ಜನ ಬದುಕಿರುತ್ತಾರೆ. ಹೇಗೆ?

ಕಡಿತಗಳಲ್ಲಿ ದೊಡ್ಡ ಪಾಲು ವಿಷವಿಲ್ಲದ ಹಾವಿನದು. ವಿಷದ ಹಾವೂ ಕಡಿದಾಗಲೆಲ್ಲ ವಿಷ ಬಿಡುವುದಿಲ್ಲ. ವಿಷ ತಯಾರಿಸುವುದು ಹಾವಿಗೆ ಖರ್ಚಿನ ಕೆಲಸ, ಅದು ಇರುವುದು ಇಲಿಗಾಗಿ. ನುಂಗಲಾಗದ ಮನುಷ್ಯನ ಮೇಲೆ ಎಷ್ಟೋ ಸಲ ಒಣ ಕಡಿತ ಕಡಿದು ಬಿಡುತ್ತದೆ. ಇವರೆಲ್ಲ ಮನೆಯಲ್ಲಿ ಸುಮ್ನೆ ಕೂತಿದ್ದರೂ ಬದುಕುತ್ತಿದ್ದರು. ಆದರೆ ಹೆಸರು ಮಂತ್ರಕ್ಕೆ ಹೋಗುತ್ತದೆ. ನಿಜವಾಗಿ ವಿಷ ಏರಿದವನು ಸತ್ತರೆ "ತಡವಾಗಿ ತಂದಿರಿ" ಎಂಬ ಮಾತು ಸಿದ್ಧವಿದೆ. ಹೀಗೆ ಗೆದ್ದದ್ದೆಲ್ಲ ಅವರ ಖಾತೆಗೆ, ಸೋತದ್ದೆಲ್ಲ ಮನೆಯವರ ಖಾತೆಗೆ ಹೋಗುವುದರಿಂದ ಆ ನಂಬಿಕೆ ಅಲುಗಾಡುವುದೇ ಇಲ್ಲ.

ಬಿಗಿಯಾಗಿ ಹಗ್ಗ ಕಟ್ಟುವುದೂ ಹೀಗೇ ಉಳಿದುಕೊಂಡಿರುವ ಅಭ್ಯಾಸ. ಕಟ್ಟಿದ ಭಾಗಕ್ಕೆ ರಕ್ತ ನಿಂತು ಕಾಲೇ ಕೊಳೆಯಬಹುದು, ಬಿಚ್ಚಿದೊಡನೆ ಕೂಡಿಟ್ಟ ವಿಷ ಒಮ್ಮೆಲೇ ಏರಬಹುದು. ಕಡಿದ ಜಾಗವನ್ನು ಕೊಯ್ಯುವುದಂತೂ ಮಂಡಲದ ವಿಷ ಏರಿದವರಿಗೆ ಇನ್ನೂ ಅಪಾಯ, ರಕ್ತ ನಿಲ್ಲುವುದೇ ಇಲ್ಲ. ಕಡಿತವಾದ ಕಾಲನ್ನು ಮುರಿದ ಕಾಲಿನ ಹಾಗೆ ಅಲುಗಾಡದಂತೆ ಇಟ್ಟು, ಉಂಗುರ, ಕಾಲ್ಗೆಜ್ಜೆ ಬಿಚ್ಚಿ, ನಡೆಸದೆ ಆಸ್ಪತ್ರೆಗೆ ಒಯ್ಯುವುದಷ್ಟೇ ಮನೆಯವರು ಮಾಡಬೇಕಾದ್ದು. ಹಾವನ್ನು ಹಿಡಿದು ತರಬೇಕಾಗಿಲ್ಲ. ಔಷಧಿ ನಾಲ್ಕೂ ಹಾವಿಗೆ ಒಂದೇ.

ಹಿಡಿದು ದೂರ ಬಿಟ್ಟರೆ?

ಇಲ್ಲಿ ಮೂರು ವಾದಗಳಿವೆ. ಕೊಂದುಬಿಡಿ ಅನ್ನುವವರು ಒಂದು ಕಡೆ. ಹಿಡಿದು ಕಾಡಿಗೆ ಬಿಡಿ ಅನ್ನುವವರು ಇನ್ನೊಂದು ಕಡೆ. ಇದ್ದಲ್ಲೇ ಇರಲಿ, ನಾವೇ ಸರಿದು ನಡೆಯೋಣ ಅನ್ನುವವರು ಮೂರನೆಯವರು.

ಕೊಲ್ಲುವುದು ಕಾನೂನಿಗೆ ವಿರುದ್ಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ನಾಗರಹಾವು, ಕೊಳಕುಮಂಡಲ, ಕೇರೆ ಹಾವು ಹುಲಿ ಇರುವ ಮೊದಲನೇ ಪಟ್ಟಿಯಲ್ಲೇ ಇವೆ. ಆ ಕಾಯ್ದೆಯಿಂದಲೇ ಹಾವು ಹೆಚ್ಚಾದವು ಎನ್ನುವ ವಾದಕ್ಕೆ ಆಧಾರ ಸಾಲದು. ಹಾವಿನ ಗಣತಿ ಎಂಬುದೇ ನಡೆಯುವುದಿಲ್ಲ, ಮೊದಲು ಎಷ್ಟಿದ್ದವು ಎಂದು ಹೇಳುವವರು ಯಾರು? ಕೊಂದರೆ ಆಗುವುದು ಮಾತ್ರ ಸ್ಪಷ್ಟ. ಮೊದಲು ಸಾಯುವುದು ಕೇರೆ ಹಾವು, ಯಾಕೆಂದರೆ ಅದು ಉದ್ದ, ಹಗಲು ಓಡಾಡುತ್ತದೆ, ಕಣ್ಣಿಗೆ ಬೀಳುತ್ತದೆ. ಕೇರೆ ಹೋದರೆ ಇಲಿ ಉಳಿಯುತ್ತದೆ. ಇಲಿ ಉಳಿದರೆ ಬೆಳೆಯೂ ಹೋಯಿತು, ಇಲಿ ಹುಡುಕಿಕೊಂಡು ನಾಗರವೂ ಬಂತು.

ದೂರ ಬಿಡುವ ವಾದ ಕೇಳಲು ಚೆನ್ನಾಗಿದೆ. ಆದರೆ ಹಾವಿಗೂ ತನ್ನದೇ ವಠಾರ ಇರುತ್ತದೆ. ಯಾವ ಬಿಲದಲ್ಲಿ ಬಿಸಿಲು ತಪ್ಪಿಸಿಕೊಳ್ಳಬೇಕು, ಎಲ್ಲಿ ಇಲಿ ಸಿಗುತ್ತದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ದೂರ ಒಯ್ದು ಬಿಟ್ಟರೆ ಆ ತಿಳಿವಳಿಕೆಯೆಲ್ಲ ಸೊನ್ನೆ. ಆಗುಂಬೆಯಲ್ಲಿ ಕಾಳಿಂಗ ಸರ್ಪಕ್ಕೆ ರೇಡಿಯೋ ಸಾಧನ ಅಳವಡಿಸಿ ನೋಡಿದಾಗ, ದೂರ ಬಿಟ್ಟ ಹಾವು ಸ್ಥಳೀಯ ಹಾವಿಗಿಂತ ಎಷ್ಟೋ ಜಾಸ್ತಿ ಅಲೆದಾಡಿತ್ತು. ಬೇರೆ ದೇಶಗಳಲ್ಲಿ ಬುಡುಬುಡುಕೆ ಹಾವುಗಳ (ರ‍್ಯಾಟಲ್ ಸ್ನೇಕ್) ಮೇಲೆ ನಡೆದ ಅಧ್ಯಯನಗಳಲ್ಲಿ ಹೀಗೆ ಬಿಟ್ಟವುಗಳ ಸಾವಿನ ಪ್ರಮಾಣವೂ ಜಾಸ್ತಿ ಕಂಡಿದೆ. ಮೈಬಿಸಿಗೆ ನೆಲವನ್ನೇ ನಂಬಿದ ಪ್ರಾಣಿಗೆ ಗೊತ್ತಿಲ್ಲದ ನೆಲ ಅಂದರೆ ಅಷ್ಟು ಕಷ್ಟ. ಅಲೆದಾಡುವ ಹಾವು ಮನುಷ್ಯರಿಗೆ ಎದುರಾಗುವುದೂ ಜಾಸ್ತಿ. ಇನ್ನು "ಕಾಡು" ಎಂದು ನಾವು ಹೇಳುವ ಜಾಗದ ಪಕ್ಕದಲ್ಲಿ ಯಾರದೋ ಹೊಲ ಇದ್ದೇ ಇರುತ್ತದೆ. ಕಪ್ಪತಗುಡ್ಡದ ತಪ್ಪಲಿನಲ್ಲಿ ತಂದು ಸುರಿದರೆ ತೊಂದರೆ ಅಲ್ಲಿನ ಕುರಿಗಾಹಿಗಳ ಪಾಲಿಗೆ ಹೋಯಿತು, ಅಷ್ಟೇ.

ಮೂರನೇ ವಾದ ವಿಜ್ಞಾನಕ್ಕೆ ಹತ್ತಿರ, ಆದರೆ ಹೇಳುವವರು ಸಾಮಾನ್ಯವಾಗಿ ಕಾಂಕ್ರೀಟ್ ಮನೆಯವರು. ಬಣವೆ ಪಕ್ಕದಲ್ಲೇ ಮಲಗುವವರಿಗೆ ಅದು ಉಪದೇಶದ ಹಾಗೆ ಕೇಳುತ್ತದೆ. ಹಾವು ಮನೆಯೊಳಗೆ ಬಂದಾಗ ತರಬೇತಿ ಇದ್ದವರು ಹಿಡಿದು ಹತ್ತಿರದಲ್ಲೇ, ಜನವಸತಿ ಇಲ್ಲದ ಕಡೆ ಬಿಡುವುದು ನಡುದಾರಿ. ಹಿಡಿದ ಹಾವಿನ ಜೊತೆ ವಿಡಿಯೋ ಮಾಡುವ ಚಟ ಮಾತ್ರ ಯಾರಿಗೂ ಒಳ್ಳೆಯದು ಮಾಡಿಲ್ಲ.

ಔಷಧಿ ನಮ್ಮ ಹಾವಿಗೆ ಹೊಂದುತ್ತದೆಯೇ

ಈಗಿರುವ ಔಷಧಿ, ಅಂದರೆ ಪ್ರತಿವಿಷ, ತಯಾರಾಗುವುದು ಹಾವಿನ ವಿಷ ಚುಚ್ಚಿದ ಕುದುರೆಯ ರಕ್ತದಿಂದ. ಅದಕ್ಕೆ ಬೇಕಾದ ಹಾವಿನ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಚೆನ್ನೈ ಹತ್ತಿರ ಇರುವ ಇರುಳ ಸಮುದಾಯದವರ ಸಹಕಾರ ಸಂಘದಿಂದ. ಸಮಸ್ಯೆ ಏನೆಂದರೆ, ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ದೇಶದ 34 ಕಡೆಯ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ, ಮಳೆ ಮತ್ತು ಉಷ್ಣಾಂಶಕ್ಕೂ ವಿಷದ ಗುಣಕ್ಕೂ ಸಂಬಂಧವಿದೆ ಎಂದು 2025ರಲ್ಲಿ ತೋರಿಸಿತು. ಒಣ ಪ್ರದೇಶದ ಹಾವಿನ ವಿಷದಲ್ಲಿ ಮಾಂಸ ಕರಗಿಸುವ ಕಿಣ್ವಗಳ ಚಟುವಟಿಕೆ ಜಾಸ್ತಿ ಕಂಡಿತ್ತು. ಗದಗ, ರೋಣದ ಒಣ ಬಯಲಿಗೆ ಇದು ಯೋಚಿಸಬೇಕಾದ ಮಾತು.

ಹಾಗಂತ ಈಗಿನ ಔಷಧಿ ಕೆಲಸಕ್ಕೆ ಬಾರದು ಎಂದು ತಿಳಿಯಬಾರದು. ಅದು ಜೀವ ಉಳಿಸುತ್ತಿದೆ. ಕೆಲವು ಕಡೆ ಜಾಸ್ತಿ ಬಾಟಲಿ ಬೇಕಾಗಬಹುದು, ಅಷ್ಟೇ. ಪ್ರದೇಶಕ್ಕೊಂದು ಪ್ರತಿವಿಷ ಮಾಡಬೇಕು ಎನ್ನುವವರಿಗೂ, ಅಷ್ಟು ಖರ್ಚು ಮಾಡುವ ಬದಲು ಇರುವುದನ್ನೇ ಪ್ರತಿ ಹೋಬಳಿಗೆ ಮುಟ್ಟಿಸಿ ಎನ್ನುವವರಿಗೂ ಇಲ್ಲಿ ಜಗಳ. ಎರಡನೆಯವರ ಮಾತು ಸದ್ಯಕ್ಕೆ ತೂಕದ್ದು. ಔಷಧಿ ಇದ್ದರೂ ಅದು ಕೊಟ್ಟಾಗ ಕೆಲವರಿಗೆ ಅಲರ್ಜಿಯಾಗುತ್ತದೆ, ಆ ಭಯಕ್ಕೆ ಸಣ್ಣ ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚದೆ ಮುಂದಕ್ಕೆ ಕಳಿಸುವುದುಂಟು. ಅಲರ್ಜಿಗೆ ಕೊಡುವ ಅಡ್ರಿನಲಿನ್ ಕೈಯಲ್ಲಿಟ್ಟುಕೊಂಡು ಮೊದಲ ಡೋಸು ಅಲ್ಲೇ ಕೊಟ್ಟು ಕಳಿಸಲು ತರಬೇತಿ ಸಾಕು. ಶಿರಹಟ್ಟಿಯಿಂದ ಹುಬ್ಬಳ್ಳಿ ಮುಟ್ಟುವವರೆಗಿನ ಹೊತ್ತಿನಲ್ಲಿ ವಿಷ ಕಾಯುತ್ತ ಕೂರುವುದಿಲ್ಲ.

ಮುಂದಿನ ಲೆಕ್ಕ ಓದುವುದು ಹೇಗೆ

ಇನ್ನೂ ಕೆಲವು ವರ್ಷ ಪ್ರಕರಣಗಳ ಸಂಖ್ಯೆ ಏರುತ್ತಲೇ ಇರಬಹುದು, ಯಾಕೆಂದರೆ ಖಾಸಗಿ ಆಸ್ಪತ್ರೆಗಳು ಒಂದೊಂದಾಗಿ ಲೆಕ್ಕಕ್ಕೆ ಬರುತ್ತಿವೆ. ಅದರ ಜೊತೆ ಸಾವಿನ ಸಂಖ್ಯೆಯೂ ಏರಿದರೆ ಗಾಬರಿ ಬೇಡ, ಮುಚ್ಚಿಹೋಗುತ್ತಿದ್ದ ಸಾವು ಹೊರಗೆ ಬರುತ್ತಿದೆ ಎಂದು ತಿಳಿಯಬೇಕು. ರೈತರ ಕುಟುಂಬಕ್ಕೆ ಇದರಿಂದ ನೇರ ಲಾಭವೂ ಇದೆ: ಹಾವು ಕಡಿದು ಸತ್ತ ರೈತರಿಗೆ ಕೃಷಿ ಇಲಾಖೆಯ ಪರಿಹಾರವಿದೆ, ಅದಕ್ಕೆ ದಾಖಲೆ ಬೇಕು. ಆಸ್ಪತ್ರೆಗೆ ಬಾರದೆ ಸತ್ತವನಿಗೆ ದಾಖಲೆ ಎಲ್ಲಿಂದ ಬರಬೇಕು?

ಅನುಮಾನ ಪಡಬೇಕಾದ್ದು ಪ್ರಕರಣ ಒಂದೇ ಸಮ ಏರಿ, ಸಾವು ಮಾತ್ರ ಇಪ್ಪತ್ತು ಮೂವತ್ತರಲ್ಲೇ ನಿಂತ ಜಿಲ್ಲೆ, ತಾಲ್ಲೂಕುಗಳ ಬಗ್ಗೆ ಅಲ್ಲ. ಸಾವೇ ಇಲ್ಲ ಎಂದು ವರದಿ ಕೊಡುವ ಕಡೆಗಳ ಬಗ್ಗೆ. ಮುಂದಿನ ಸಲ ಜಿಲ್ಲಾ ಪುಟದಲ್ಲಿ ಈ ಸುದ್ದಿ ಬಂದಾಗ ಎಷ್ಟು ಜನರಿಗೆ ಕಡಿಯಿತು ಎಂಬುದರ ಜೊತೆಗೆ ಇನ್ನೆರಡು ಅಂಕಿ ಇದೆಯಾ ನೋಡಿ. ಕಡಿದದ್ದು ಎಷ್ಟು ಹೊತ್ತಿಗೆ, ಮೊದಲ ಡೋಸು ಬಿದ್ದದ್ದು ಎಷ್ಟು ಹೊತ್ತಿಗೆ. ಆ ಎರಡು ಹೊತ್ತು ಬರೆದುಕೊಂಡರೆ, ರಾತ್ರಿ ಕರೆಂಟಿನ ಪಾಳಿ ಎಷ್ಟು ಜನರನ್ನು ಹೊಲಕ್ಕೆ ಕಳಿಸಿತು, ಯಾವ ಹೋಬಳಿಯಲ್ಲಿ ಔಷಧಿ ಇರಲಿಲ್ಲ, ಎರಡೂ ಅದೇ ಕಾಗದದಲ್ಲಿ ಕಾಣುತ್ತವೆ.